ಎರಡು ಸಲ ಎಣಿಸಿದ ಮೂಲೆಗಳು

ಅದು ಶುರುವಾದದ್ದು ಮಾಗಿಯ ಚಳಿಯಲ್ಲಿ, ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ. ನಾನು ಗಿರಿಯಮ್ಮನ ಮನೆ ಮುಂದಿನ ಕಟ್ಟೆಯ ಮೇಲೆ ಕಂಬಳಿ ಮಡಿಸುತ್ತಿದ್ದೆ. ಪುರಸಭೆಯ ಲೆಕ್ಕದ ವನಜಾಕ್ಷಿ ಬಂದು ಎದುರಿಗೆ ನಿಂತರು. ಹೆಗಲಲ್ಲಿ ಕಂಪ್ಯೂಟರಿನ ಚೀಲ, ಕೈಯಲ್ಲಿ ಬೆಳಕಿನ ಟೇಪು. ಅದರ ಗುಂಡಿ ಒತ್ತಿದರೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕಿ ಬೀಳುತ್ತದೆ, ಎಷ್ಟು ದೂರ ಅಂತ ಅದೇ ಹೇಳುತ್ತದೆ. ಇನ್ನೊಂದು ತುದಿ ಹಿಡಿಯಲು ಯಾರೂ ಬೇಕಾಗಿಲ್ಲ.

“ತಿಪ್ಪಯ್ಯನೋರೇ, ಹಳೇ ಮನೆಗಳನ್ನೆಲ್ಲ ಕಂಪ್ಯೂಟರಿನ ಮಾಡೆಲ್ಲಿಗೆ ಏರಿಸ್ಬೇಕು ಅಂತ ಹುಕುಂ ಆಗಿದೆ. ಯಾವ ಮನೇಲಿ ಯಾವ ಕಿಟಕಿ ಮುಚ್ಚಿದ್ದಾರೆ, ಎಲ್ಲಿ ಗೋಡೆ ಒಡೆದಿದ್ದಾರೆ, ಇವೆಲ್ಲ ನಿಮಗೆ ಬಿಟ್ರೆ ಯಾರಿಗೆ ಗೊತ್ತು? ಜೊತೆಗೆ ಬನ್ನಿ.”

“ನನ್ನ ಕಣ್ಣು ಮಂಜಾಗಿ ಎಷ್ಟೋ ವರ್ಷ ಆಯ್ತಲ್ಲ ತಾಯಿ.”

“ಕಣ್ಣು ಮಿಷಿನ್ನಿಗಿದೆ. ನೀವು ನೆನಪು ತನ್ನಿ ಸಾಕು.”

ಹೊರಟೆ. ಕರೆದರೆ ಹೋಗುವವನೇ ನಾನು.

ಮನೆ ಕಟ್ಟುವ ಮೊದಲು ಸಾಮಾನಿನ ಪಟ್ಟಿ ಮಾಡುವುದು ಎಲ್ಲ ಊರಲ್ಲೂ ಇರುವುದೇ. ಇಟ್ಟಿಗೆ ಎಷ್ಟು, ಮರಳು ಎಷ್ಟು, ಸಿಮೆಂಟು ಎಷ್ಟು ಮೂಟೆ, ಬಾಗಿಲು, ಕಿಟಕಿ, ಹೆಂಚು. ಪಕ್ಕದಲ್ಲಿ ದರ, ಕೆಳಗೆ ಒಟ್ಟು. ನಮ್ಮೂರ ಪಟ್ಟಿಯಲ್ಲಿ ಒಟ್ಟಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಜನ ಅಂತ. ಜನ ಮೂರು, ಜನ ಐದು, ಹೀಗೆ. ಮೇಲಿನದೆಲ್ಲ ಕೂಡಿ ಮುಗಿದ ಮೇಲೆ ಆ ಸಾಲು ತಾನಾಗಿ ಬಂದು ಕೂರುತ್ತದೆ. ಆ ಮನೆಯಲ್ಲಿ ಅಷ್ಟು ಜನ ಇರಬೇಕು. ಕಡಿಮೆಯಾದರೆ ಬಾಗಿಲಿನ ಚಿಲಕ ಕೂರುವುದಿಲ್ಲ, ಎಷ್ಟು ಅಳೆದು ಅಕ್ಕಿ ಹಾಕಿದರೂ ಒಬ್ಬರ ಊಟ ಉಳಿಯುತ್ತದೆ. ಹೆಚ್ಚಾದರೆ ಒಬ್ಬರು ಮರೆತು ಹೋಗುತ್ತಾರೆ. ಅವರಿಗೆ ತಟ್ಟೆ ಇಡುವುದು ಮರೆಯುತ್ತದೆ, ಅವರು ಅಂಗಳದಲ್ಲಿರುವಾಗಲೇ ಒಳಗಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಬೇಕೆಂದು ಮಾಡುವುದಲ್ಲ. ಹೊಸಿಲು ಮೊದಲು ದಾಟಿದವರು ಮನೆಗೆ ನೆನಪಿರುತ್ತಾರೆ, ಆಮೇಲೆ ದಾಟಿದವರು ಹೆಚ್ಚಿನವರಾಗುತ್ತಾರೆ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಮಗಳ ಮದುವೆಯಾದರೆ ಅವಳ ಜಾಗಕ್ಕೆ ಚಿಕ್ಕಮ್ಮನನ್ನೋ ಸೋದರಮಾವನನ್ನೋ ಕರೆಸಿಕೊಳ್ಳುತ್ತಾರೆ. ಬಸುರಿ ಇರುವ ಮನೆಯಲ್ಲಿ ಎಂಟನೇ ತಿಂಗಳಿಂದಲೇ ಒಂದು ರೂಮು ಏರಿಸುವ ಮಾತು ನಡೆಯುತ್ತದೆ. ಯಾರೂ ಸಿಗದಿದ್ದರೆ ಪುರಸಭೆಯವರು ಭರ್ತಿಯವನನ್ನು ಕಳಿಸುತ್ತಾರೆ. ನಾನು ಭರ್ತಿಯವನು.

ಮೊದಲು ಅಳತೆಯವನಾಗಿದ್ದೆ. ಓದಿದ್ದು ಮೂರನೇ ಇಯತ್ತೆ. ಆದರೆ ನೂಲಿನ ಲೆಕ್ಕ ನನ್ನ ಕೈಗೆ ಹತ್ತಿತ್ತು. ಸುಣ್ಣದ ಗೆರೆ ಎಳೆದ ನಿವೇಶನದ ಸುತ್ತ ನೂಲು ಹಿಡಿದು ನಡೆದು, ಗಂಟು ಹಾಕುತ್ತ ಬಂದರೆ ಇಡೀ ಮನೆ ನನ್ನ ಮುಷ್ಟಿಯಲ್ಲಿ ಇರುತ್ತಿತ್ತು. ಮೂವತ್ತು ವರ್ಷ ಊರಿನ ಪಟ್ಟಿಗಳು ಹೊರಟದ್ದು ನನ್ನ ನೂಲಿನಿಂದ. ಕಣ್ಣು ಮಂಜಾಗುತ್ತ ಬಂದಾಗ ಕೆಲಸ ಬಿಡಿಸಿದರು. ಹೆಂಡತಿ ಮಕ್ಕಳು ಆಗಿರಲಿಲ್ಲ, ಸ್ವಂತ ಮನೆಯೂ ಇರಲಿಲ್ಲ. ನನ್ನಂಥವನು ಭರ್ತಿಗೆ ಹೇಳಿ ಮಾಡಿಸಿದ ಹಾಗೆ. ಹತ್ತು ಮನೆ ಕಂಡೆ. ಒಂದು ಮನೆಯಲ್ಲಿ ಮಗು ಹುಟ್ಟುವವರೆಗೆ, ಇನ್ನೊಂದರಲ್ಲಿ ಸೊಸೆ ಬರುವವರೆಗೆ. ತೊಟ್ಟಿಲು ಕಟ್ಟುವ ದಿನ ನಾನು ಗಂಟು ಕಟ್ಟುತ್ತಿದ್ದೆ. ಹೋಗುವಾಗ ಎಲ್ಲರೂ ಒಳ್ಳೆಯ ಮಾತೇ ಆಡಿದರು.

ಹನ್ನೊಂದನೆಯದು ಗಿರಿಯಮ್ಮನ ಮನೆ. ಒಂಬತ್ತು ವರ್ಷವಾಗಿತ್ತು.

ಆ ಮನೆಯ ಪಟ್ಟಿಯೂ ನನ್ನದೇ. ಅವಳು ಮದುವೆಯಾಗಿ ಬಂದಾಗ ಕಟ್ಟಿದ್ದು. ಒಂಬತ್ತಿಂಚಿನ ನಾಲ್ಕು ಗೋಡೆ, ಒಳಗೆ ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಜನ ಎರಡು ಅಂತ ಬಂದಿತ್ತು. ಅವಳೂ ಮರಿಸ್ವಾಮಿಯೂ ಇಪ್ಪತ್ತು ವರ್ಷ ಇದ್ದರು. ಆಮೇಲೆ ಒಂದು ದಿನ ಮರಿಸ್ವಾಮಿ ಎದ್ದು ಹೋದ. ಹೊಳೆಯಾಚೆ ಸುಣ್ಣದ ಗೂಡಿನ ಕೆಲಸಗಾರರ ಗುಡಾರಗಳಿವೆ, ಅಲ್ಲಿ ಇದ್ದಾನೆ ಅಂತ ಕೆಲವರು ಹೇಳಿದರು. ಗುಡಾರಕ್ಕೆ ಗೋಡೆ ಇಲ್ಲ, ಹಾಗಾಗಿ ಪಟ್ಟಿಯೂ ಇಲ್ಲ, ಎಷ್ಟು ಜನ ಬೇಕಾದರೂ ಇರಬಹುದು. ಊರವರು ಗಿರಿಯಮ್ಮನನ್ನು ಸುಮ್ಮನೆ ಬಿಡಲಿಲ್ಲ. “ಕಟ್ಟಿಕೊಂಡ ಗಂಡನಿಗೆ ಅನ್ನ ಇಡದೆ ಓಡಿಸಿದಳು” ಅಂದರು. ಅವಳೂ ಅಲ್ಲ ಅನ್ನಲಿಲ್ಲ.

ನನ್ನನ್ನು ಭರ್ತಿಗೆ ತಂದ ಗುಮಾಸ್ತನ ಹತ್ತಿರ ಅವಳು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. “ಬಾಗಿಲು ಸರಿಯಾಗೇ ಕೂರ್ತಾ ಇದೆ ಸ್ವಾಮಿ. ಅನ್ನಾನೂ ಉಳೀತಿಲ್ಲ. ಇವರ್ಯಾಕೆ ಬೇಕು?”

“ಪಟ್ಟೀಲಿ ಎರಡಿದೆಯಮ್ಮ,” ಅಂದ ಅವನು. ಅಷ್ಟೇ.

ಹೀಗೆ ಬಂದು ಸೇರಿದೆ. ಅವಳು ಒಳಗೆ, ನಾನು ಹೊರಗೆ ಕಟ್ಟೆಯ ಮೇಲೆ. ಮಾಡಿನ ಕೆಳಗಾದ್ದರಿಂದ ಮಳೆ ಹೊಡೆಯುತ್ತಿರಲಿಲ್ಲ. ಬೆಳಿಗ್ಗೆ ಅವಳು ಕಾಫಿ ಕಾಯಿಸಿ ಒಂದೇ ಲೋಟಕ್ಕೆ ಬಗ್ಗಿಸುತ್ತಿದ್ದಳು. ಕುಡಿದಾದ ಮೇಲೆ ನನ್ನನ್ನು ನೋಡಿ, “ಅಯ್ಯೋ ತಿಪ್ಪಣ್ಣ, ಮರೆತೇಬಿಟ್ಟೆ ನೋಡಿ” ಅನ್ನುತ್ತಿದ್ದಳು. ನಾನು ಎದ್ದು ಪಾತ್ರೆಗೆ ಒಂದಿಷ್ಟು ನೀರು ಹಾಕಿ, ಗಸಿಯನ್ನೇ ಇನ್ನೊಮ್ಮೆ ಕುದಿಸಿಕೊಳ್ಳುತ್ತಿದ್ದೆ. ಗಂಡ ಬಿಟ್ಟುಹೋದ ಹೆಂಗಸು, ಮನಸ್ಸು ಎಲ್ಲಿರುತ್ತದೋ ಏನೋ ಅಂದುಕೊಂಡಿದ್ದೆ. ಹತ್ತು ಮನೆಯಲ್ಲಿ ಇದ್ದು ಬಂದವನಿಗೆ ಮರೆತುಹೋಗುವುದು ಅಂಥ ದೊಡ್ಡ ವಿಷಯ ಅನ್ನಿಸಲೂ ಇಲ್ಲ. ಸಂಜೆ ಅವಳು ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುವಳು, ನಾನು ಕಟ್ಟೆಯ ಮೇಲೆ ಕೂತು ಸಿಪ್ಪೆ ಆರಿಸುವೆ. ಅವಳು ಮಾತಾಡಿದರೆ ಹ್ಞೂಂ ಅನ್ನುವೆ. ನನ್ನ ಜೀವಮಾನದಲ್ಲಿ ಅಷ್ಟು ದಿನ ಒಬ್ಬರ ಮಾತಿಗೆ ಹ್ಞೂಂ ಅಂದದ್ದು ಅದೇ ಮೊದಲು. ಇಲ್ಲೇ ಕೊನೆಯಾದರೆ ಸಾಕಪ್ಪ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ವನಜಾಕ್ಷಿಯ ಜೊತೆ ಮೂರು ವಾರ ಓಡಾಡಿದೆ. ಅವರು ಕೆಂಪು ಚುಕ್ಕಿ ಬಿಡುವರು, ನಾನು ನೆನಪು ಹೇಳುವೆ. ಇಲ್ಲೊಂದು ಗೂಡು ಇತ್ತು, ಮುಚ್ಚಿದರು. ಈ ಗೋಡೆ ಆಮೇಲೆ ಬಂದದ್ದು. ಅವರು ಅದನ್ನೆಲ್ಲ ಪರದೆಯ ಮೇಲೆ ಎಬ್ಬಿಸುವರು. ಬೆರಳಾಡಿಸಿದರೆ ಮನೆ ತನ್ನ ಮಾಡು ಕಳಚಿಕೊಂಡು ಆಟಿಕೆಯ ಹಾಗೆ ತಿರುಗುತ್ತದೆ. ಒಂದು ಗುಂಡಿ ಒತ್ತಿದರೆ ಮಾಡೆಲ್ಲಿನೊಳಗಿಂದಲೇ ಪಟ್ಟಿ ಇಳಿದು ಬರುತ್ತದೆ, ಇಟ್ಟಿಗೆ, ಗಾರೆ, ದರ, ಒಟ್ಟು, ಕೊನೆಗೆ ಜನ. ನಾನು ಎರಡು ದಿನ ಮಾಡುತ್ತಿದ್ದದ್ದು ಒಂದು ಉಸಿರಿನಲ್ಲಿ ಆಗುತ್ತದೆ. ನನ್ನ ಹಳೆಯ ಪಟ್ಟಿಗಳ ಪಕ್ಕ ಅದನ್ನಿಟ್ಟು ನೋಡುವರು. ಒಂದಾದ ಮೇಲೊಂದು ಮನೆ ಸರಿಬಂತು.

“ಏನು ತಿಪ್ಪಯ್ಯನೋರೇ, ಮಿಷಿನ್ನನ್ನೇ ಸೋಲಿಸ್ತೀರಲ್ಲ! ನೂಲಲ್ಲಿ ಇಷ್ಟು ಕರಾರುವಾಕ್ಕಾ?” ಅಂದರು ಒಂದು ದಿನ.

ನನಗೆ ಹಿಗ್ಗಾಯಿತು. ಸುಳ್ಳು ಯಾಕೆ ಹೇಳಲಿ.

ಗಿರಿಯಮ್ಮನ ಮನೆ ನಮ್ಮ ಬೀದಿಯಲ್ಲಿ ಕೊನೆಯದು. ಅದನ್ನು ಅಳೆದದ್ದು ಒಂದು ಶುಕ್ರವಾರ ಬೆಳಿಗ್ಗೆ. ಮಧ್ಯಾಹ್ನ ವನಜಾಕ್ಷಿ ನನ್ನನ್ನು ಪುರಸಭೆಗೆ ಕರೆಸಿದರು. ಎಂದಿನ ನಗು ಇರಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನಿಮ್ಮ ಪಟ್ಟೀಲಿ ಗೋಡೆ ಕೆಲಸ ಇಪ್ಪತ್ತೂ ಕಾಲು ಘನ ಅಡಿ ಜಾಸ್ತಿ ಇದೆ. ಮೂರು ಸಲ ನೋಡಿದೆ. ಮಾಡೆಲ್ಲಿನಲ್ಲಿ ಅಷ್ಟು ಗೋಡೇನೇ ಇಲ್ಲ.”

“ಕೊನೇ ಸಾಲು?”

“ಒಂದು.”

ನಾನು ಬೆಂಚಿನ ಮೇಲೆ ಕೂತೆ. ಅವರು ವಿವರಿಸಬೇಕಾಗಿರಲಿಲ್ಲ. ಒಂಬತ್ತಿಂಚಿನ ಗೋಡೆ, ಒಂಬತ್ತಡಿ ಎತ್ತರ. ಒಂದು ಮೂಲೆಗೆ ಐದು ಘನ ಅಡಿ, ಮೇಲೆ ಒಂದು ಚೂರು. ನಾಲ್ಕು ಮೂಲೆಗೆ ಇಪ್ಪತ್ತೂ ಕಾಲು. ಅಳತೆ ಕಲಿಸುವಾಗ ಮೊದಲು ಹೇಳಿಕೊಡುವುದೇ ಇದನ್ನು: ಉದ್ದದ ಗೋಡೆಯನ್ನು ಹೊರಗಿನಿಂದ ಹೊರಗೆ ಅಳೆ, ಅಡ್ಡಗೋಡೆಯನ್ನು ಒಳಗಿನಿಂದ ಒಳಗೆ ಅಳೆ. ನಾಲ್ಕನ್ನೂ ಹೊರಗಿನಿಂದ ಅಳೆದರೆ ಪ್ರತಿ ಮೂಲೆಯೂ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ವನಜಾಕ್ಷಿಯ ಮಾಡೆಲ್ಲಿನಲ್ಲಿ ಎರಡು ಗೋಡೆ ಸೇರಿದ ಕಡೆ ಒಂದೇ ಮೂಲೆ. ಅದಕ್ಕೆ ಯಾರ ಮುಖವೂ ಕಾಣುವುದಿಲ್ಲ.

ನನಗೆ ಕಂಡಿತ್ತು. ಆ ದಿನ ಮರೆತಿರಲಿಲ್ಲ, ಅದರ ಕಡೆ ನೋಡುವುದನ್ನು ಬಿಟ್ಟಿದ್ದೆ, ಅಷ್ಟೆ. ಸುಣ್ಣದ ಗೆರೆಯ ಪಕ್ಕದಲ್ಲಿ ಅವಳೂ ಮರಿಸ್ವಾಮಿಯೂ ನಿಂತಿದ್ದರು. ಅವಳ ಕೈಯ ಅರಿಸಿನದ ದಾರ ಇನ್ನೂ ಬಿಚ್ಚಿರಲಿಲ್ಲ. ಮೊದಲ ಸಲ ಅಳೆದಾಗ ನೂಲಿನ ಕೊನೆಯ ಗಂಟಿಗೆ ಜನ ಒಂದು ಅಂತಲೇ ಬಂತು. ಮೇಸ್ತ್ರಿಯ ಕಿವಿಯಲ್ಲಿ ಹೇಳಿದೆ. “ಹೊಸ ಮದುಮಕ್ಕಳಿಗೆ ಒಂದು ಅಂತ ಹೇಳ್ತೀಯೇನೋ, ನಿನ್ನ ಬಾಯಿಗೆ ಮಣ್ಣು ಹಾಕ. ಇನ್ನೊಂದು ಸಲ ಅಳಿ,” ಅಂದ. ಎರಡನೇ ಸಲ ನಾಲ್ಕು ಗೋಡೆಯನ್ನೂ ಹೊರಗಿನಿಂದಲೇ ಸುತ್ತಿದೆ. ಕೈ ತಪ್ಪಿತೋ, ನಾನೇ ತಪ್ಪಿಸಿದೆನೋ, ಇವತ್ತಿಗೂ ಆಣೆ ಇಟ್ಟು ಹೇಳಲಾರೆ. ಎರಡು ಬಂತು. ಗಿರಿಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮೂರನೇ ಸಲ ನಾನು ಅಳೆಯಲಿಲ್ಲ.

ಮನೆ ಎದ್ದ ಮೇಲೆ ಇನ್ನೂರ ಎಪ್ಪತ್ತು ಇಟ್ಟಿಗೆ ಉಳಿಯಿತು. ಸುಮ್ಮನೆ ಯಾಕೆ ಬಿಸಾಡುವುದು ಅಂತ ಮೇಸ್ತ್ರಿ ಬಾಗಿಲ ಮುಂದೆ ಒಂದು ಕಟ್ಟೆ ಕಟ್ಟಿದ. ಆರಡಿ ಉದ್ದ, ಎರಡೂ ಕಾಲಡಿ ಅಗಲ, ಒಂದೂವರೆ ಅಡಿ ಎತ್ತರ. ಗುಣಿಸಿ ನೋಡಿ. ಒಂಬತ್ತು ವರ್ಷ ನಾನು ಮಲಗಿದ್ದು ನನ್ನ ತಪ್ಪಿನ ಮೇಲೆಯೇ.

ವನಜಾಕ್ಷಿ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ದನಿ ತಗ್ಗಿಸಿದರು. “ನಾನಿನ್ನೂ ಕಟ್ಟೇನ ಮಾಡೆಲ್ಲಿಗೆ ಸೇರಿಸಿಲ್ಲ. ಹೊರಗಡೆದು ಅಂತ ಬಿಟ್ಟಿದ್ದೆ. ಗೋಡೆ ಅಂತ ಸೇರಿಸಿದ್ರೆ ಇಪ್ಪತ್ತೂ ಕಾಲು ಸರಿಹೋಗತ್ತೆ. ಕೊನೇ ಸಾಲು ಎರಡಾಗತ್ತೆ. ಸೋಮವಾರ ಸಹಿಗೆ ಹೋಗತ್ತೆ, ಯಾರೂ ಬಂದು ನೋಡಲ್ಲ. ಈ ವಯಸ್ಸಲ್ಲಿ ನೀವು ಇನ್ನೊಂದು ಮನೆ ಬಾಗಿಲಿಗೆ…”

“ಸೋಮವಾರ ಹೇಳ್ತೀನಿ ತಾಯಿ,” ಅಂದು ಎದ್ದೆ.

ದಾರಿಯಲ್ಲಿ ನಾನು ಕಟ್ಟೆ ಸೇರಿಸಿ ಅಂತಲೇ ತೀರ್ಮಾನ ಮಾಡಿದ್ದೆ. ಯಾರಿಗೆ ಏನು ನಷ್ಟ? ಕಾಗದದಲ್ಲಿ ಎರಡಿರುತ್ತದೆ, ಮನೆ ನನ್ನನ್ನು ಮರೆಯುತ್ತದೆ, ನಾನು ಗಸಿ ಕುದಿಸಿಕೊಳ್ಳುತ್ತೇನೆ. ಅಭ್ಯಾಸವಾಗಿದೆಯಲ್ಲ.

ಶನಿವಾರ ಕಳೆಯಿತು. ಭಾನುವಾರ ಸಂಜೆ ಗಿರಿಯಮ್ಮ ಹೊಸಿಲ ಮೇಲೆ ಅವರೆಕಾಯಿ ಹರಡಿಕೊಂಡು ಕೂತಿದ್ದಳು. ಕಾಯಿ ಎಳೆಯದು, ಒಳ್ಳೆ ಸೊಗಡು. ಅದರ ವಾಸನೆಗೋ ಏನೋ, ಮರಿಸ್ವಾಮಿಯ ಮಾತು ತೆಗೆದಳು. ವರ್ಷಕ್ಕೆ ಒಂದೆರಡು ಸಲ ತೆಗೆಯುತ್ತಿದ್ದಳು.

“ಅವರಿಗೆ ಅವರೆಕಾಳಿನ ಸಾರು ಅಂದ್ರೆ ಜೀವ. ಅಷ್ಟು ಆಸೆಯಿಂದ ಮಾಡೋಳು ನಾನು, ಬಡಿಸೋ ಹೊತ್ತಿಗೆ ಒಂದೇ ತಟ್ಟೆ ಇಟ್ಕೊಂಡು ಕೂತ್ಬಿಡೋಳು. ಪೂರ್ತಿ ಉಂಡಾದ ಮೇಲೆ ನೋಡಿದ್ರೆ ಅವರು ಗೋಡೆಗೆ ಒರಗಿ ನನ್ನನ್ನೇ ನೋಡ್ತಾ ಇರೋರು. ಒಂದು ದಿನಾನೂ ಬೈಲಿಲ್ಲ ತಿಪ್ಪಣ್ಣ. ‘ಹೋಗ್ಲಿ ಬಿಡು ಗಿರಿ’ ಅನ್ನೋರು. ಎರಡು ಸಲ ಬಾಗಿಲು ಹಾಕಿ ಮಲಗ್ಬಿಟ್ಟಿದ್ದೀನಿ, ಅವರು ಹೊರಗೆ. ಕಟ್ಟಿಕೊಂಡೋನನ್ನ ಮರೆಯೋ ಹೆಂಗಸು ಎಂಥ ಹೆಂಗಸು ಹೇಳಿ. ಊರವರು ಅನ್ನೋದು ದಿಟ. ನನ್ನ ಒಳಗೇ ಏನೋ ಇಲ್ಲ.”

ಒಂಬತ್ತು ವರ್ಷದಲ್ಲಿ ಅವಳ ಎಲ್ಲ ಮಾತಿಗೂ ನಾನು ಹ್ಞೂಂ ಅಂದಿದ್ದೆ. ಆ ಮಾತಿಗೆ ಅನ್ನಲಾಗಲಿಲ್ಲ.

“ನಿಮ್ಮ ಒಳಗೆ ಎಲ್ಲ ಇದೆ ಗಿರಿಯಮ್ಮ. ನನ್ನ ನೂಲಿನಲ್ಲಿ ತಪ್ಪಿತ್ತು.”

ಹೇಳಿದೆ. ಮೊದಲ ಸಲ ಅಳೆದದ್ದು, ಎರಡನೇ ಸಲ ಅಳೆದದ್ದು, ಮೂಲೆಗಳು, ಉಳಿದ ಇಟ್ಟಿಗೆ, ಮಿಷಿನ್ನಿನ ಕೊನೇ ಸಾಲು. ಇದು ಒಬ್ಬರ ಮನೆ. ನೀವು ಮೊದಲು ಹೊಸಿಲು ದಾಟಿದಿರಿ, ಮರಿಸ್ವಾಮಿ ಹಿಂದಿನಿಂದ ಬಂದ. ಮನೆ ಅವನನ್ನು ಮರೆಸಿತು, ನೀವು ಮರೆಯಲಿಲ್ಲ. ಹೇಳುತ್ತ ಹೋದ ಹಾಗೆ ಅವಳ ಕೈ ನಿಂತಿತು. ಬೆರಳ ಸಂದಿಯಲ್ಲಿ ಒಂದು ಕಾಯಿ ಅರ್ಧ ಬಿಚ್ಚಿಕೊಂಡು ಹಾಗೇ ಇತ್ತು.

“ನನ್ನ ತಪ್ಪಲ್ವಾ?”

“ಅಲ್ಲ.”

“ಇಪ್ಪತ್ತು ವರ್ಷ?”

“ಒಂದು ದಿನದ್ದೂ ಅಲ್ಲ.”

ಅವಳು ಮೊರವನ್ನು ಎತ್ತಿ ಅಂಗಳಕ್ಕೆ ಎಸೆದಳು. ಕಾಳು, ಸಿಪ್ಪೆ, ಎಲ್ಲ ಚೆಲ್ಲಿತು. “ನಿನ್ನ ಕೈ ಸೇದಿಹೋಗ! ನಿನ್ನ ನೂಲಿಗೆ ಬೆಂಕಿ ಬೀಳ! ಒಂದು ಅಂತ ಅವತ್ತೇ ಬಾಯಿ ಬಿಟ್ಟಿದ್ರೆ ಇನ್ನೊಂದು ಕೋಣೆ ಏರಿಸ್ಕೊಳ್ತಿದ್ವಲ್ಲೋ! ಎದುರಿಗೆ ಕೂತು ಒಂಬತ್ತು ವರ್ಷ ಸಿಪ್ಪೆ ಆರಿಸ್ತಾ ಇದ್ದೀಯಲ್ಲ, ಹೇಳೋಕೆ ಏನಾಗಿತ್ತು?” ಏಕವಚನದಲ್ಲಿ ಬೈದದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ ಕೇಳಿದೆ. ಬೈದು ಬೈದು ದನಿ ಒಡೆಯಿತು. ಹೊಸಿಲ ಮೇಲೆ ಕೂತೇ ಅತ್ತಳು. ಅದು ದುಃಖದ ಅಳುವಲ್ಲ, ಹೊತ್ತ ಹೊರೆಯನ್ನು ಇಳಿಸಿದವರು ಏದುಸಿರು ಬಿಡುತ್ತಾರಲ್ಲ, ಹಾಗಿತ್ತು. ನಾನು ಅಂಗಳಕ್ಕೆ ಇಳಿದು ಕಾಳು ಆರಿಸಿದೆ. ಮಂಜುಗಣ್ಣಿಗೆ ಕಂಡಷ್ಟು.

ಸೋಮವಾರ ವನಜಾಕ್ಷಿಯ ಹತ್ತಿರ ಹೋಗಿ, “ಕಟ್ಟೆ ಹೊರಗಿನದು ತಾಯಿ, ಹೊರಗೇ ಇರಲಿ,” ಅಂದೆ. ಅವರು ನನ್ನ ಮುಖ ನೋಡಿದರು. ಜನ ಒಂದು ಅಂತ ಸಹಿಯಾಯಿತು. ಒಬ್ಬರು ಮನೆ ಬಿಡುವುದಕ್ಕೆ ಎಂಟು ದಿನದ ಗಡುವು ಕೊಟ್ಟರು. ನನಗೆ ಎಂಟು ದಿನ ಬೇಕಿರಲಿಲ್ಲ. ನನ್ನ ಸಾಮಾನು ಅಂದರೆ ಒಂದು ಕಂಬಳಿ, ಎರಡು ಅಂಗಿ, ಹಳೆಯ ನೂಲಿನ ಉಂಡೆ. ಬುಧವಾರ ಗಂಟು ಕಟ್ಟಿದೆ.

ಗಿರಿಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಭಾನುವಾರದಿಂದ ನನ್ನ ಹತ್ತಿರ ಮಾತಾಡಿರಲಿಲ್ಲ.

“ಎಲ್ಲಿಗೆ?”

“ಭರ್ತಿಗೆ ಹೆಸರು ಬರೆಸ್ತೀನಿ. ಎಲ್ಲಾದ್ರೂ ಬೇಕಾಗಿರತ್ತೆ.”

“ಈ ಕಣ್ಣು ಇಟ್ಕೊಂಡು? ಬಿಚ್ಚಿ ಗಂಟು. ಹೋಗೋಳು ನಾನು.”

ನನಗೆ ತಿಳಿಯಲಿಲ್ಲ. ಅವಳು ಹೊಳೆಯ ಕಡೆ ಕೈ ತೋರಿಸಿದಳು. “ಅಲ್ಲಿ ಇದ್ದಾರೋ ಇಲ್ವೋ ಗೊತ್ತಿಲ್ಲ. ಇದ್ರೂ ಬಾ ಅಂತಾರೋ, ಹೋಗು ಅಂತಾರೋ. ಏನಾದ್ರೂ ಆಗ್ಲಿ. ನಾನು ಮರೆತದ್ದಲ್ಲ ಅಂತ ಒಂದು ಮಾತು ಅವರ ಕಿವೀಲಿ ಹಾಕ್ಬೇಕು. ಅದಕ್ಕೇ ಹೋಗೋದು. ಗುಡಾರಕ್ಕೆ ಪಟ್ಟಿ ಇಲ್ಲವಲ್ಲ, ಇರು ಅಂದ್ರೆ ಇರ್ತೀನಿ.”

“ಮನೆ ನಿಮ್ಮದು ಗಿರಿಯಮ್ಮ.”

“ನನ್ನದಾಗಿ ನೋಡಿದ್ದಾಯ್ತಲ್ಲ. ಒಬ್ಬರ ಮನೇಲಿ ಇಪ್ಪತ್ತೊಂಬತ್ತು ವರ್ಷ ಇದ್ದೆ. ಇನ್ನು ನೀವಿದ್ದು ನೋಡಿ.” ಅದು ಸಿಟ್ಟೋ ಕರುಣೆಯೋ ಅಂತ ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎರಡೂ ಇರಬಹುದು.

ಮಾರನೆಯ ಬೆಳಿಗ್ಗೆ ನನಗೆ ಎಚ್ಚರವಾದಾಗ ಅವಳು ಒಲೆ ಮುಂದೆ ಇದ್ದಳು. ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡಿದ್ದಳು, ಬಲಗೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದಿದ್ದಳು. ಎಡಗೈಯಲ್ಲಿ ಪಾತ್ರೆ. ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು. ಹತ್ತಿರ ಹೋದಾಗ ಕೇಳಿಸಿತು. “ತಿಪ್ಪಣ್ಣ ಇದ್ದಾರೆ, ತಿಪ್ಪಣ್ಣ ಇದ್ದಾರೆ,” ಅನ್ನುತ್ತಿದ್ದಳು. ಎರಡು ಲೋಟ ಇಟ್ಟಿದ್ದಳು. ಕಾಫಿ ಒಬ್ಬರಿಗೆ ಆಗುವಷ್ಟೇ ಇತ್ತು. ಅದನ್ನು ಸಮಪಾಲು ಬಗ್ಗಿಸಿದಳು, ಅರ್ಧ ಅರ್ಧ. ಭಾರದ ಬಂಡೆ ಸರಿಸುವವರ ಹಾಗೆ ಕಾಣುತ್ತಿದ್ದಳು. ಬಗ್ಗಿಸಿ ಮುಗಿಸಿ ನನ್ನ ಲೋಟ ನನ್ನ ಕೈಗೆ ಕೊಟ್ಟಳು.

“ನೋಡಿದ್ರಾ, ಮರೀಲಿಲ್ಲ,” ಅಂದಳು. ಸುಣ್ಣದ ಗೆರೆಯ ಪಕ್ಕ ನಿಂತಾಗ ನಕ್ಕಿದ್ದಳಲ್ಲ, ಅದೇ ನಗು. ಸೆರಗು ಅಡ್ಡ ಇರಲಿಲ್ಲ, ಅಷ್ಟೆ.

ನಾವಿಬ್ಬರೂ ನಿಂತುಕೊಂಡೇ ಕುಡಿದೆವು. ಅವಳು ಲೋಟ ತೊಳೆದು ಬೋರಲು ಹಾಕಿ, ಚೀಲ ಎತ್ತಿಕೊಂಡು ಹೊಳೆಯ ದಾರಿ ಹಿಡಿದಳು. ಬೀದಿಯ ತಿರುವಿನವರೆಗೆ ಅವಳ ಸೀರೆಯ ಬಣ್ಣ ನನ್ನ ಕಣ್ಣಿಗೆ ಕಂಡಿತು. ಆಮೇಲೆ ಮಂಜು.

ಆ ಮನೆಯಲ್ಲಿ ಈಗ ನಾನಿದ್ದೇನೆ. ಚಿಲಕ ಚೆನ್ನಾಗಿ ಕೂರುತ್ತದೆ. ಅನ್ನ ಉಳಿಯುವುದಿಲ್ಲ, ಸಾಲದೆಯೂ ಬರುವುದಿಲ್ಲ. ಹನ್ನೊಂದು ಮನೆ ಸುತ್ತಿದವನು ಕೊನೆಗೆ ಲೆಕ್ಕಕ್ಕೆ ಸರಿಯಾಗಿ ಕೂತಿದ್ದೇನೆ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಲಗುವುದು ಮಾತ್ರ ಕಟ್ಟೆಯ ಮೇಲೆಯೇ. ಬೆಳಿಗ್ಗೆ ಎದ್ದು ಕಾಫಿ ಕಾಯಿಸಿ ಎರಡು ಲೋಟ ಇಡುತ್ತೇನೆ. ಮೊದಲನೆಯದು ಕಂಠದವರೆಗೆ ತುಂಬುತ್ತದೆ, ಪಾತ್ರೆ ಖಾಲಿಯಾಗುತ್ತದೆ. ಎರಡನೆಯದನ್ನು ಹಾಗೇ ತೊಳೆದಿಡುತ್ತೇನೆ. ಹೊಳೆಯಾಚೆಯಿಂದ ಸುಣ್ಣದ ಗಾಡಿಗಳು ಬಂದಾಗ ಗಾಡಿಯವರನ್ನು ಕೇಳುತ್ತೇನೆ. ಅಲ್ಲಿ ತುಂಬಾ ಜನ ತಾತ, ಯಾರು ಎಣಿಸ್ತಾರೆ ಅನ್ನುತ್ತಾರೆ.

ಗಿರಿಯಮ್ಮ ಹೋದದ್ದು ಗುರುವಾರ, ಅದನ್ನು ನಾನು ಮರೆತಿಲ್ಲ.